ಗುಲಾಬಿ ಎಲ್‌ಆರ್ ಮತ್ತು ನಮ್ಮ ಮಂಡಿಯ ಫ್ಯಾಕ್ಸ್

ತಿಪಟೂರಿನ ಒಂದು ಕೊಬ್ಬರಿ ಮಂಡಿಗೆ ನಾನು 1998ರಲ್ಲಿ ಗುಮಾಸ್ತನಾಗಿ ಸೇರಿದೆ. ಬಿಲ್ ಬರೆಯುವುದು, ಲಾರಿ ಲೋಡ್ ಆದ ಮೇಲೆ ಕಾಗದಪತ್ರ ಹೊಂದಿಸುವುದು ನನ್ನ ಕೆಲಸ. ನಮ್ಮ ಉಂಡೆ ಕೊಬ್ಬರಿ ಹೋಗುತ್ತಿದ್ದದ್ದು ಹೆಚ್ಚಾಗಿ ಉತ್ತರದ ಕಡೆಗೆ. ಹರಾಜಿನ ದಿನ ಸಂಜೆಯೊಳಗೆ ಆ ವ್ಯಾಪಾರಿಗಳಿಗೆ ರೇಟು ಮುಟ್ಟಬೇಕು. ಲಾರಿ ಹೊರಟ ಕೂಡಲೇ ಬಿಲ್ಲು, ಎಲ್‌ಆರ್ ಅಂದರೆ ಲಾರಿ ರಸೀದಿ ಮುಟ್ಟಬೇಕು. ಅದಕ್ಕೆಲ್ಲ ಎಸ್‌ಟಿಡಿ ಬೂತೇ ಗತಿಯಾಗಿತ್ತು. ಒಂದು ದಿನ ಸಾಹುಕಾರ್ರು ಫೋನ್ ಲೈನಿನ ಮೇಲೆ ಕಾಗದದ ಪ್ರತಿ ಕಳಿಸುವ ಫ್ಯಾಕ್ಸ್ ಯಂತ್ರವನ್ನೇ ತಂದು ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟರು. "ಪುಸ್ತಕ ಇಂಗ್ಲಿಷಲ್ಲಿದೆ ಕಣಪ್ಪ, ಓದ್ಕೊಂಡು ನೀನೇ ನೋಡ್ಕೋ" ಅಂದರು.

ಓದಿದೆ. ಕಾಗದ ಇಡು, ನಂಬರ್ ಒತ್ತು, ಸ್ಟಾರ್ಟ್ ಒತ್ತು. ಇಷ್ಟೇನಾ ಅನ್ನಿಸಿತು.

ಮೊದಲ ಪೆಟ್ಟು ಬಿದ್ದದ್ದು ಎಲ್‌ಆರ್‌ನಿಂದ. ಲಾರಿ ಆಫೀಸಿನವರು ಕೊಡುವ ರಸೀದಿ ಅದು, ಡೆಲ್ಲಿಯವರು ಬಿಲ್ಟಿ ಅನ್ನುತ್ತಾರೆ. ಕಾರ್ಬನ್ ಇಟ್ಟು ಮೂರು ನಾಲ್ಕು ಹಾಳೆ ಒಟ್ಟಿಗೆ ಬರೆಯುತ್ತಾರೆ, ಒಂದೊಂದಕ್ಕೆ ಒಂದೊಂದು ಬಣ್ಣ. ನನ್ನ ಕೈಗೆ ಬಂದದ್ದು ಗುಲಾಬಿ ಹಾಳೆ, ಅದೂ ಕೊನೆಯ ಕಾಪಿ. ಹಾಗೇ ತೂರಿಸಿದೆ. ಯಂತ್ರ 'ಓಕೆ' ಅಂತ ಚೀಟಿ ಉಗುಳಿತು. ಹತ್ತು ನಿಮಿಷಕ್ಕೆ ಆ ಕಡೆಯಿಂದ ಫೋನ್. "ಪೂರಾ ಕಾಲಾ ಆಯಾ ಹೈ ಭಾಯ್!" ನಾನು ಕಳಿಸಿದ್ದು ಅವರಿಗೆ ಕರೀ ಹಲಗೆಯ ಹಾಗೆ ಬಂದಿತ್ತು. ಅವರ ಫ್ಯಾಕ್ಸ್ ಕಾಗದದ ರೋಲ್ ಹಾಳು, ನಮ್ಮ ದುಡ್ಡೂ ಹಾಳು.

ಕಾರಣ ಗೊತ್ತಾದದ್ದು ಯಂತ್ರ ರಿಪೇರಿಗೆ ಬಂದ ಹುಡುಗನಿಂದ. ಸಾಮಾನ್ಯ ಫ್ಯಾಕ್ಸ್‌ಗೆ ಬಣ್ಣ ಗೊತ್ತಿಲ್ಲ, ಬೂದು ಕೂಡ ಗೊತ್ತಿಲ್ಲ. ಪ್ರತಿ ಚುಕ್ಕೆಯೂ ಒಂದೋ ಕಪ್ಪು, ಇಲ್ಲವೋ ಬಿಳಿ. ನಮ್ಮ ಯಂತ್ರದ ಒಳಗೆ ಕಾಗದದ ಮೇಲೆ ಬೀಳುತ್ತಿದ್ದ ಬೆಳಕು ಹಸಿರು. ಹಸಿರು ಬೆಳಕನ್ನು ಗುಲಾಬಿ, ಕೆಂಪು ನುಂಗಿಬಿಡುತ್ತವೆ, ಅದಕ್ಕೇ ಕಪ್ಪಾಗಿ ಕಾಣುತ್ತವೆ. ಹಳದಿ ಹಾಳೆ ಚೆನ್ನಾಗಿ ಹೋಗುತ್ತದೆ. ತಮಾಷೆ ಏನೆಂದರೆ ಹಸಿರು ಶಾಯಿ ಮಾಯವಾಗುತ್ತದೆ. ಗೆಜೆಟೆಡ್ ಅಧಿಕಾರಿಗಳು ಹಸಿರು ಶಾಯಿಯಲ್ಲಿ ಸಹಿ ಹಾಕುತ್ತಾರಲ್ವಾ? ಅಂಥ ಒಂದು ಅಟೆಸ್ಟೆಡ್ ಕಾಪಿ ಕಳಿಸಿದಾಗ ಸೀಲು ಅವರಿಗೆ ಮುಟ್ಟಿತ್ತು, ಸಹಿ ಮುಟ್ಟಿರಲಿಲ್ಲ. ಸಹಿಯೇ ಇಲ್ಲ ಅಂತ ವಾಪಸ್ ಕೇಳಿದರು.

ಅಂದಿನಿಂದ ಬಣ್ಣದ ಹಾಳೆಯನ್ನು ನೇರವಾಗಿ ಯಂತ್ರಕ್ಕೆ ಕೊಟ್ಟಿಲ್ಲ. ಮೊದಲು ಎದುರಿನ ಅಂಗಡಿಯಲ್ಲಿ ಒಂದು ಜೆರಾಕ್ಸ್. ಹಿನ್ನೆಲೆ ಬಿಳಿ ಆಗುವ ತನಕ ಡಾರ್ಕ್‌ನೆಸ್ ಇಳಿಸಿ ಅಂತ ಪಕ್ಕದಲ್ಲೇ ನಿಂತು ಹೇಳುತ್ತಿದ್ದೆ. ಹಾಗೆ ಇಳಿಸಿದಾಗ ಕಾರ್ಬನ್ ಅಕ್ಷರ ತೆಳುವಾದರೆ, ಜೆರಾಕ್ಸ್ ಮೇಲೆಯೇ ಅಂಕಿಗಳನ್ನು ಕಪ್ಪು ಪೆನ್ನಿನಲ್ಲಿ ತಿದ್ದಿ ಪಕ್ಕದಲ್ಲಿ ನನ್ನ ಸಣ್ಣ ಸಹಿ. ಮೂಲದ ಮೇಲೆ ಮಾತ್ರ ಪೆನ್ನು ಮುಟ್ಟಿಸುತ್ತಿರಲಿಲ್ಲ, ಅದು ಬೇರೆ ತಲೆನೋವು. ಎಲ್‌ಆರ್ ಹಾಳೆ ಹಪ್ಪಳಕ್ಕಿಂತ ತೆಳು. ನೇರವಾಗಿ ಕೊಟ್ಟರೆ ರೋಲರ್‌ನಲ್ಲಿ ಸುಕ್ಕಾಗುತ್ತದೆ, ಇಲ್ಲವೇ ಎರಡು ಹಾಳೆ ಅಂಟಿಕೊಂಡು ಒಟ್ಟಿಗೆ ಹೋಗುತ್ತವೆ. ಜೆರಾಕ್ಸ್ ಮಾಡಿಸಿದರೆ ಆ ತೊಂದರೆಯೂ ಇಲ್ಲ.

ಇನ್ನು ಕಾಗದ ತಯಾರಿ. ಪಿನ್ನು ಕೀಳಬೇಕು. ಗುಂಡುಪಿನ್ ಕಣ್ಣಿಗೆ ಕಾಣುತ್ತದೆ, ಸ್ಟೇಪ್ಲರ್ ಪಿನ್ನಿನ ಮುರಿದ ಕಾಲು ಕಾಣುವುದಿಲ್ಲ. ಬೆರಳಲ್ಲಿ ಸವರಿ ನೋಡಬೇಕು. ಕಿವಿ ಮಡಚಿದ್ದರೆ ಬಿಡಿಸಬೇಕು. ಕಟ್ಟನ್ನು ಇಸ್ಪೀಟ್ ಎಲೆ ಬಿಡಿಸಿದ ಹಾಗೆ ಒಮ್ಮೆ ಬಿಡಿಸಿ ಜೋಡಿಸಬೇಕು. ವೈಟ್ನರ್ ಹಚ್ಚಿದ್ದರೆ ಪೂರ್ತಿ ಒಣಗುವ ತನಕ ಕಾಯಬೇಕು. ಇದನ್ನು ಕಷ್ಟಪಟ್ಟು ಕಲಿತೆ. ಒಮ್ಮೆ ಹಸಿ ವೈಟ್ನರ್ ಒಳಗಿನ ಗಾಜಿಗೆ ಚುಕ್ಕೆಯಷ್ಟು ಅಂಟಿಕೊಂಡಿತು. ಯಂತ್ರದಲ್ಲಿ ಗಾಜು ನಿಂತಲ್ಲೇ ಇರುತ್ತದೆ, ಕಾಗದ ಅದರ ಮೇಲೆ ಓಡುತ್ತದೆ. ಹಾಗಾಗಿ ಗಾಜಿನ ಮೇಲಿನ ಒಂದು ಚುಕ್ಕೆ ಹಾಳೆಯ ಉದ್ದಕ್ಕೂ ಒಂದು ಗೆರೆ ಆಗುತ್ತದೆ. ಒಂದು ವಾರ ನಮ್ಮ ಬಿಲ್ಲುಗಳೆಲ್ಲ ಮೇಲಿಂದ ಕೆಳಗೆ ಗೆರೆ ಎಳೆದುಕೊಂಡೇ ಹೋದವು. ಅದೂ ಸರಿಯಾಗಿ ಮೊತ್ತದ ಕಾಲಂ ಮೇಲೆ. ಹೊಡೆದುಹಾಕಿದ ಬಿಲ್ ಯಾಕೆ ಕಳಿಸುತ್ತೀರಿ ಅಂತ ಒಬ್ಬರು ಕೇಳಿಯೂ ಬಿಟ್ಟರು. ಮೆತ್ತನೆ ಬಟ್ಟೆಗೆ ಸ್ವಲ್ಪ ಸ್ಪಿರಿಟ್ ಹಾಕಿ ಒರೆಸಿದಾಗ ಗೆರೆ ಹೋಯಿತು.

ಅದಾದ ಮೇಲೆ ಒಂದು ಅಭ್ಯಾಸ ಮಾಡಿಕೊಂಡೆ. ಮುಖ್ಯವಾದ ಕಾಗದ ಕಳಿಸುವ ಮುಂಚೆ ಅದೇ ಯಂತ್ರದಲ್ಲಿ ಕಾಪಿ ಬಟನ್ ಒತ್ತಿ ಒಂದು ಪ್ರತಿ ತೆಗೆಯುವುದು. ಯಂತ್ರದ ಕಣ್ಣಿಗೆ ಏನು ಕಾಣುತ್ತಿದೆ ಅಂತ ನಮಗೆ ತೋರಿಸುವುದು ಅದೊಂದೇ. ಗೆರೆ, ಕಪ್ಪು ಹಿನ್ನೆಲೆ, ಮಾಯವಾದ ಸಹಿ ಎಲ್ಲ ಅಲ್ಲೇ ಸಿಕ್ಕಿಬೀಳುತ್ತವೆ. ಒಂದು ವಿಷಯ ಮಾತ್ರ ಹುಷಾರು. ನಮ್ಮ ಯಂತ್ರ ಕಾಪಿಯನ್ನು ತಾನಾಗೇ ಫೈನ್ ಅನ್ನುವ ಹೆಚ್ಚು ಸ್ಪಷ್ಟವಾದ ಸೆಟ್ಟಿಂಗ್‌ನಲ್ಲಿ ತೆಗೆಯುತ್ತಿತ್ತು. ಸ್ಟ್ಯಾಂಡರ್ಡ್‌ನಲ್ಲಿ ಕಳಿಸಿದರೆ ಆ ಕಡೆ ಅಷ್ಟು ಚೆನ್ನಾಗಿ ಬರುವುದಿಲ್ಲ.

ಸ್ಟ್ಯಾಂಡರ್ಡ್, ಫೈನ್ ಅಂದರೇನು ಅಂತ ನನಗೆ ಅರ್ಥವಾದದ್ದು ಒಂದು ಲಾರಿ ನಂಬರಿನಿಂದ. ಲಾರಿ ನಮ್ಮ ತುಮಕೂರು ಕಡೆಯದೇ, ಕೆಎ-06. ಎಲ್‌ಆರ್ ಸ್ಟ್ಯಾಂಡರ್ಡ್‌ನಲ್ಲಿ ಹೋಯಿತು. ಆ ಕಡೆ 6ರ ಬಾಯಿ ಮುಚ್ಚಿ 8 ಆಗಿತ್ತು. ಅವರ ಗೋಡೌನ್ ಹುಡುಗ ಕೆಎ-08 ಲಾರಿಗೆ, ಅಂದರೆ ಕೆಜಿಎಫ್ ಕಡೆಯ ಲಾರಿಗೆ ಕಾಯುತ್ತಾ ಕೂತಿದ್ದ. ನಮ್ಮ ಲಾರಿ ಗೇಟಿನ ಹೊರಗೇ ಅರ್ಧ ದಿನ ನಿಂತಿತ್ತು. ಡ್ರೈವರ್ ಫೋನ್ ಮಾಡಿ ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ.

ಲೆಕ್ಕ ಹೀಗಿದೆ. ಅಡ್ಡಕ್ಕೆ ಯಾವ ಸೆಟ್ಟಿಂಗ್ ಇಟ್ಟರೂ ಮಿಲಿಮೀಟರಿಗೆ 8 ಚುಕ್ಕೆ. ವ್ಯತ್ಯಾಸ ಇರುವುದು ಎತ್ತರದಲ್ಲಿ. ಸ್ಟ್ಯಾಂಡರ್ಡ್‌ನಲ್ಲಿ ಒಂದು ಮಿಲಿಮೀಟರ್ ಎತ್ತರಕ್ಕೆ 3.85 ಗೆರೆ, ಫೈನ್‌ನಲ್ಲಿ 7.7, ಸೂಪರ್‌ಫೈನ್‌ನಲ್ಲಿ 15.4. ಎರಡು ಮಿಲಿಮೀಟರ್ ಎತ್ತರದ ಅಂಕಿ ಸ್ಟ್ಯಾಂಡರ್ಡ್‌ನಲ್ಲಿ ಏಳೆಂಟು ಗೆರೆಯಲ್ಲಿ ಮುಗಿಯಬೇಕು. 3, 6, 8 ಒಂದೇ ಥರ ಕಾಣದೆ ಇನ್ನೇನು? ಕನ್ನಡಕ್ಕಂತೂ ಇನ್ನೂ ಕಷ್ಟ. ಕನ್ನಡ ಎತ್ತರದಲ್ಲಿ ಅಂತಸ್ತು ಕಟ್ಟುವ ಲಿಪಿ. ಮೇಲೆ ತಲೆಕಟ್ಟು, ನಡುವೆ ಅಕ್ಷರ, ಕೆಳಗೆ ಒತ್ತು. ಎಲ್ಲಿ ಗೆರೆ ಕಡಿಮೆಯೋ ಅಲ್ಲೇ ನಮ್ಮ ಅಕ್ಷರಕ್ಕೆ ಗೆರೆ ಹೆಚ್ಚು ಬೇಕು. ಬೆಂಗಳೂರಿಗೆ ಸ್ಟ್ಯಾಂಡರ್ಡ್‌ನಲ್ಲಿ ಕಳಿಸಿದ ಒಂದು ಪಹಣಿಯಲ್ಲಿ ಒತ್ತಕ್ಷರಗಳೆಲ್ಲ ಇರುವೆ ಸತ್ತು ಬಿದ್ದ ಹಾಗೆ ಕಾಣುತ್ತಿದ್ದವಂತೆ.

ಹಾಗಾದರೆ ಎಲ್ಲವನ್ನೂ ಸೂಪರ್‌ಫೈನ್‌ನಲ್ಲೇ ಕಳಿಸಬಾರದಾ? ದುಡ್ಡು ನಮ್ಮದಲ್ಲದಿದ್ದರೆ ಕಳಿಸಬಹುದು. ಫೈನ್‌ನಲ್ಲಿ ಹೊತ್ತು ಹೆಚ್ಚುಕಡಿಮೆ ದುಪ್ಪಟ್ಟು, ಎಸ್‌ಟಿಡಿ ಮೀಟರ್ ಓಡುತ್ತಲೇ ಇರುತ್ತಿತ್ತು. ಜೊತೆಗೆ ಸೂಪರ್‌ಫೈನ್ ಆ ಕಡೆಯ ಯಂತ್ರಕ್ಕೂ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ನಾವು ಇಟ್ಟರೂ ಅದು ಕೆಳಗಿನ ಮಟ್ಟದಲ್ಲೇ ಹೋಗುತ್ತದೆ. ನನ್ನ ಪದ್ಧತಿ ಹೀಗಿತ್ತು. ಹರಾಜಿನ ರೇಟನ್ನು ದೊಡ್ಡದಾಗಿ ಕೈಯಲ್ಲಿ ಬರೆದು ಸ್ಟ್ಯಾಂಡರ್ಡ್‌ನಲ್ಲಿ. ಬಿಲ್ಲು, ಎಲ್‌ಆರ್, ಕನ್ನಡದ ಯಾವುದೇ ಕಾಗದ ಫೈನ್‌ನಲ್ಲಿ. ಫೋಟೋ ಮೋಡ್ ಅನ್ನು ಮುಟ್ಟುತ್ತಲೇ ಇರಲಿಲ್ಲ. ಬೂದು ಬಣ್ಣ ತೋರಿಸಲು ಅದು ಚುಕ್ಕೆ ಚುಕ್ಕೆ ಹಾಕುತ್ತದೆ, ಅದರಿಂದ ಒಂದು ಪುಟಕ್ಕೆ ಎಷ್ಟೋ ನಿಮಿಷ ಹಿಡಿಯುತ್ತದೆ, ಅಕ್ಷರದ ಅಂಚೂ ಮಸುಕಾಗುತ್ತದೆ. ಕಾಂಟ್ರಾಸ್ಟ್ ಸಾಧಾರಣವಾಗಿ ನಾರ್ಮಲ್. ಪೆನ್ಸಿಲ್ ಬರಹಕ್ಕೆ ಡಾರ್ಕ್. ಮಣ್ಣು ಬಣ್ಣಕ್ಕೆ ತಿರುಗಿದ ಹಳೇ ಕಾಗದಕ್ಕೆ ಲೈಟ್. ಇದರ ಜೊತೆಗೆ ಅಂಕಿಗಳನ್ನು ಅಕ್ಷರದಲ್ಲೂ ಬರೆಯಲು ಶುರು ಮಾಡಿದೆ. ಲಾರಿ ನಂಬರನ್ನು ಮೊದಲ ಪುಟದಲ್ಲಿ ದಪ್ಪ ಸ್ಕೆಚ್ ಪೆನ್ನಿನಲ್ಲಿ ಇನ್ನೊಮ್ಮೆ ಬರೆಯುತ್ತಿದ್ದೆ.

ಆ ಮೊದಲ ಪುಟದಲ್ಲಿ ಯಾರಿಗೆ, ಯಾರಿಂದ, ನಮ್ಮ ಫೋನ್ ನಂಬರ್, ಇದೂ ಸೇರಿ ಒಟ್ಟು ಎಷ್ಟು ಪುಟ ಅಂತ ಇರುತ್ತಿತ್ತು. ಎರಡು ಹಾಳೆ ಅಂಟಿಕೊಂಡು ಹೋದರೆ ಆ ಕಡೆಯವರಿಗೆ ತಿಳಿಯುವುದು ಆ ಒಂದು ಅಂಕಿಯಿಂದಲೇ. ಅದಕ್ಕೆ ಕಪ್ಪು ಪಟ್ಟಿ, ದೊಡ್ಡ ಲೋಗೋ ಏನೂ ಬೇಡ. ಕಪ್ಪು ಜಾಸ್ತಿ ಇದ್ದಷ್ಟೂ ಅವರ ಯಂತ್ರಕ್ಕೆ ಕೆಲಸ ಜಾಸ್ತಿ. ಪುಟದ ತಲೆಯಲ್ಲಿ ಯಂತ್ರ ತಾನೇ ಅಚ್ಚು ಹಾಕುವ ಹೆಸರು, ನಂಬರ್, ತಾರೀಖನ್ನೂ ಸರಿಯಾಗಿ ಇಟ್ಟಿರಬೇಕು. ಕರೆಂಟು ಹೋಗಿ ಬಂದಾಗಲೆಲ್ಲ ನಮ್ಮ ಯಂತ್ರದ ಗಡಿಯಾರ ಜನವರಿ ಒಂದಕ್ಕೆ ಹೋಗಿ ಕೂರುತ್ತಿತ್ತು.

ರಾತ್ರಿ ಎಸ್‌ಟಿಡಿ ದರ ಕಡಿಮೆ ಇತ್ತು. ಟೈಮರ್ ಇಟ್ಟು ಹೋದರೆ ಯಂತ್ರ ತಾನೇ ಕಳಿಸುತ್ತದೆ ಅಂತ ಪುಸ್ತಕದಲ್ಲಿತ್ತು. ಸಾಹುಕಾರ್ರಿಗೆ ಬಹಳ ಹಿಡಿಸಿತು. ಆದರೆ ಒಬ್ಬ ವ್ಯಾಪಾರಿಯ ಫ್ಯಾಕ್ಸ್ ಅವರ ಮನೆ ಫೋನಿನ ಲೈನಿಗೇ ಇತ್ತು, ಯಂತ್ರ ತಾನೇ ಕರೆ ಎತ್ತುವ ಹಾಗೆ ಆಟೋದಲ್ಲಿ ಇಟ್ಟಿರಲಿಲ್ಲ. ರಾತ್ರಿ ಅವರ ತಾಯಿ ಎದ್ದು ಬಂದು "ಹಲೋ, ಹಲೋ" ಅನ್ನುವುದು, ನಮ್ಮ ಯಂತ್ರ ಕುಯ್ ಅನ್ನುವುದು. ಅದು ಬಿಡದೆ ಮೂರು ಸಲ ಡಯಲ್ ಮಾಡಿತಂತೆ. ಟೈಮರ್ ಕೈಬಿಟ್ಟೆವು.

ಮಳೆಗಾಲದಲ್ಲಿ ಲೈನು ಕರಕರ ಅನ್ನುತ್ತಿತ್ತು. ಆಗ ಕಳಿಸುವ ವೇಗವನ್ನು ಸೆಕೆಂಡಿಗೆ 9600 ಬಿಟ್‌ನಿಂದ 4800ಕ್ಕೆ ಇಳಿಸುತ್ತಿದ್ದೆ. ಹೊತ್ತು ಜಾಸ್ತಿ ಆದರೂ ಅರ್ಧಕ್ಕೆ ಕಡಿದು ಹೋಗುವುದಕ್ಕಿಂತ ವಾಸಿ. ಅದೇ ಲೈನಿನಲ್ಲಿ ಒಳಗಿನ ಕೋಣೆಗೊಂದು ಫೋನ್ ಇತ್ತು. ಫ್ಯಾಕ್ಸ್ ಹೋಗುವಾಗ ಅದನ್ನು ಯಾರಾದರೂ ಎತ್ತಿದರೆ ಪುಟ ಕೆಟ್ಟಂತೆಯೇ. ಅದರ ಮೇಲೆ ಒಂದು ಕೆಂಪು ಬಟ್ಟೆ ಮುಚ್ಚುವ ಪದ್ಧತಿ ಮಾಡಿದೆವು. ಬಟ್ಟೆ ಇದ್ದರೆ ಮುಟ್ಟುವ ಹಾಗಿಲ್ಲ.

ಮಂಡಿಯ ಆ ಯಂತ್ರ ಈಗಿಲ್ಲ. ಎಲ್‌ಆರ್ ಈಗ ವಾಟ್ಸಾಪಿನಲ್ಲಿ ಗುಲಾಬಿ ಬಣ್ಣದಲ್ಲೇ ಹೋಗುತ್ತದೆ. ಹೋದ ವರ್ಷ ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುವ ಅಕ್ಕನ ಮಗ ಫೋನ್ ಮಾಡಿದ. "ಮಾವ, ಜಪಾನಿಗೆ ಫ್ಯಾಕ್ಸೇ ಕಳಿಸಬೇಕಂತೆ. ಅರ್ಧ ಪುಟಕ್ಕೇ ಕಟ್ ಆಗ್ತಿದೆ."

ಲೈನ್ ಯಾವುದು ಅಂತ ಕೇಳಿದೆ. ಫೈಬರ್ ಅಂದ. ಅದರಲ್ಲಿ ಧ್ವನಿ ಇಂಟರ್ನೆಟ್ ಮಾತಿನ ಹಾಗೆ ತುಣುಕು ತುಣುಕಾಗಿ ಹೋಗುತ್ತದೆ. ಮನುಷ್ಯರ ಮಾತಿನಲ್ಲಿ ಒಂದು ತುಣುಕು ಬಿದ್ದರೆ ಗೊತ್ತಾಗುವುದಿಲ್ಲ, ಫ್ಯಾಕ್ಸ್‌ಗೆ ಗೊತ್ತಾಗುತ್ತದೆ. ವೇಗ 9600ಕ್ಕೆ ಇಳಿಸು, ವಿದೇಶದ ಕರೆಗೆಂದು ಇರುವ ಓವರ್‌ಸೀಸ್ ಮೋಡ್ ಹಾಕು, ಇಸಿಎಂ ಅಂತ ಒಂದಿರುತ್ತದೆ, ಅದನ್ನು ಆಫ್ ಮಾಡು ಅಂದೆ. ತಾಮ್ರದ ಲೈನಿನಲ್ಲಿ ಆ ಇಸಿಎಂ ಒಳ್ಳೆಯದೇ, ಕೆಟ್ಟ ಭಾಗವನ್ನು ಮತ್ತೆ ಕಳಿಸುತ್ತದೆ. ಇಲ್ಲಿ ಮತ್ತೆ ಮತ್ತೆ ಕಳಿಸುತ್ತಾ ಕೊನೆಗೆ ಸಂಪರ್ಕವೇ ಕಡಿದುಹೋಗುತ್ತದೆ. ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ, ಮಧ್ಯಾಹ್ನ ಒಂದರೊಳಗೆ ಕಳಿಸು ಅಂತಲೂ ಹೇಳಿದೆ. ಕಾಗದದ ಮುಖ ಕೆಳಗೆ ಮಾಡಿ ಇಡು ಅಂತ ಸೇರಿಸಿದೆ.

ಅರ್ಧ ಗಂಟೆಗೆ ಮತ್ತೆ ಫೋನ್. "ಮಾವ, ಓಕೆ ಅಂತ ಬಂತು!"

"ಓಕೆ ಬಂದರೆ ಪುಟ ದಾಟಿತು ಅಂತ ಅಷ್ಟೇ ಕಣೋ. ಅವರಿಗೆ ಓದೋಕೆ ಬರುತ್ತಾ, ಕೇಳು."

ಕೇಳಿದ. ಮೂರು ಪುಟವೂ ಖಾಲಿ ಬಂದಿದ್ದವು. ನಮ್ಮ ಮಂಡಿಯ ಯಂತ್ರ ಮುಖ ಕೆಳಗೆ ಕೇಳುತ್ತಿತ್ತು, ಅವನ ಆಫೀಸಿನ ಯಂತ್ರ ಮುಖ ಮೇಲೆ ಕೇಳುತ್ತದೆ. ಕಾಗದ ಇಡುವ ಜಾಗದಲ್ಲಿ ಮೂಲೆ ಮಡಚಿದ ಹಾಳೆಯ ಒಂದು ಪುಟ್ಟ ಚಿತ್ರ ಇರುತ್ತದೆ, ಅದರಲ್ಲಿ ಗೆರೆಗಳು ಯಾವ ಕಡೆಗಿವೆ ನೋಡು ಅಂದೆ. ನೋಡಿದ. "ಇದನ್ನ ಮೊದಲೇ ಹೇಳಬಾರದಿತ್ತಾ ಮಾವ" ಅಂದ.