ಮಿನ್ನೆಸೋಟದ ಐಸ್ ಫಿಶಿಂಗ್: ಹಗುರ ರಾಡ್ ಆರಿಸುವ ಬಗೆ

ಅಮೆರಿಕದ ಮಿನ್ನೆಸೋಟಕ್ಕೆ ಬಂದ ಮೊದಲ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆ ಕಾರು ನಿಂತಿದ್ದು ಕಂಡರೆ ಎದೆ ಝಲ್ ಅನ್ನುತ್ತದೆ. ಎರಡನೇ ಚಳಿಗಾಲದ ಹೊತ್ತಿಗೆ ಆಫೀಸಿನಲ್ಲಿ ಯಾರಾದರೂ ಕರೆದೇ ಕರೆಯುತ್ತಾರೆ, ಶನಿವಾರ ಐಸ್ ಫಿಶಿಂಗ್‌ಗೆ ಬರ್ತೀರಾ ಅಂತ. ಕೆರೆಯ ಮಂಜುಗಡ್ಡೆಗೆ ತೂತು ಕೊರೆದು ಗಾಳ ಇಳಿಬಿಡುವುದೇ ಐಸ್ ಫಿಶಿಂಗ್. ಹೋಗಿ. ಇಲ್ಲಿಯ ಉದ್ದನೆಯ ಚಳಿಗಾಲವನ್ನು ಮನೆಯೊಳಗೆ ಕೂತು ಕಳೆಯುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಹೋಗುವ ಮೊದಲು ಎರಡು ವಿಷಯ ತಿಳಿದಿರಲಿ. ಒಂದು ಇಲ್ಲಿಯ ಕಾನೂನು, ಇನ್ನೊಂದು ರಾಡ್, ಅಂದರೆ ಗಾಳದ ಕೋಲು.

ಕಾನೂನು ಮೊದಲು ಮುಗಿಸಿಬಿಡೋಣ. 16 ವರ್ಷ ತುಂಬಿದವರಿಗೆಲ್ಲ ಲೈಸೆನ್ಸ್ ಬೇಕು. ಹಿಡಿದ ಮೀನನ್ನು ವಾಪಸ್ ಬಿಡ್ತೀವಿ ಅಂದರೂ ಬೇಕು. ಡಿಎನ್‌ಆರ್ ಅಂತ ಕರೆಯುವ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ವೆಬ್‌ಸೈಟಿನಲ್ಲಿ ಸಿಗುತ್ತದೆ, ಗಾಳದ ಹುಳು ಮಾರುವ ಬೈಟ್ ಶಾಪ್‌ಗಳಲ್ಲೂ ಸಿಗುತ್ತದೆ. ರಾಜ್ಯಕ್ಕೆ ಬಂದು 60 ದಿನ ಆಗಿದ್ದರೆ ಇಲ್ಲಿಯ ನಿವಾಸಿಗಳ ಕಡಿಮೆ ದರ. ಗಂಡ ಹೆಂಡತಿಗೆ ಒಟ್ಟಿಗೆ ಕೊಡುವ ಲೈಸೆನ್ಸ್ ಕೂಡ ಇದೆ, ಬೇರೆ ಬೇರೆ ತೆಗೆದುಕೊಳ್ಳುವುದಕ್ಕಿಂತ ಅಗ್ಗ. ನಮ್ಮವರು ಎಡವುವುದು ಒಂದು ಕಡೆ. ಲೈಸೆನ್ಸ್ ವರ್ಷ ಮಾರ್ಚ್ 1ಕ್ಕೆ ಶುರುವಾಗಿ ಫೆಬ್ರವರಿ ಕೊನೆಗೆ ಮುಗಿಯುತ್ತದೆ. ಜನವರಿಯಲ್ಲಿ ವರ್ಷದ ಲೈಸೆನ್ಸ್ ತೆಗೆದುಕೊಂಡರೆ ಎರಡು ತಿಂಗಳೂ ಬರುವುದಿಲ್ಲ. ಒಂದೇ ಸಲ ಹೋಗಿ ನೋಡುವ ಆಸೆ ಇದ್ದರೆ 24 ಗಂಟೆಯದು ಸಾಕು.

ಮಂಜುಗಡ್ಡೆ ಎಷ್ಟು ದಪ್ಪ ಇರಬೇಕು ಅನ್ನುವುದಕ್ಕೂ ಇಲಾಖೆ ಲೆಕ್ಕ ಕೊಟ್ಟಿದೆ. ನಡೆದು ಹೋಗಲು ಗಟ್ಟಿಯಾದ, ತಿಳಿಯಾದ ಹೊಸ ಮಂಜುಗಡ್ಡೆ ಕನಿಷ್ಠ 4 ಇಂಚು ಬೇಕು. ಹಿಮ ಬೆರೆತು ಬೆಳ್ಳಗಾಗಿದ್ದರೆ ಅದರ ಎರಡರಷ್ಟು. ಪಕ್ಕದವರು ನಿಂತಿದ್ದಾರೆ ಅಂತ ನೀವೂ ಹೋಗಿ ನಿಲ್ಲಬೇಡಿ, ತೂತು ಕೊರೆದು ಅಳೆದು ನೋಡಿ. ಕೊರಳಿಗೆ ಐಸ್ ಪಿಕ್, ಅಂದರೆ ಹಿಡಿ ಇರುವ ಚೂಪು ಮೊಳೆಗಳ ಜೋಡಿ, ಇಲ್ಲದೆ ಕೆರೆಗೆ ಕಾಲಿಡಲೇಬೇಡಿ. ಒಂದು ವೇಳೆ ಬಿದ್ದರೆ ಜಾರುವ ಅಂಚಿಗೆ ಚುಚ್ಚಿಕೊಂಡು ಮೇಲೆ ಬರಲು ನೆರವಾಗುವುದು ಅದೇ.

ಇನ್ನು ರಾಡ್. ನನ್ನ ಮೊದಲ ಐಸ್ ರಾಡ್ ಅಂಗಡಿಯವರು ತೋರಿಸಿದ್ದು, ಗಟ್ಟಿಮುಟ್ಟಾಗಿದೆ ಅಂತ ತಂದೆ. ಪ್ಲಿಮತ್‌ನ ಮೆಡಿಸಿನ್ ಲೇಕ್ ಮೇಲೆ ಮೂರು ಗಂಟೆ ಕೂತರೂ ರಾಡ್ ಅಲುಗಲಿಲ್ಲ. ಹತ್ತಡಿ ದೂರದಲ್ಲಿ ಕೂತಿದ್ದ ಅಜ್ಜ ಒಂದರ ಹಿಂದೆ ಒಂದು ಬ್ಲೂಗಿಲ್ ಮೀನು ಎತ್ತುತ್ತಿದ್ದರು. ಎದ್ದು ಬಂದು ನನ್ನ ಗಾಳ ಮೇಲೆತ್ತಿ ತೋರಿಸಿದರು. ಹುಳು ಇರಲೇ ಇಲ್ಲ! ಮೀನು ಬಂದು, ತಿಂದು, ಹೋಗಿತ್ತು. ನನಗೆ ಗೊತ್ತಾಗಿರಲಿಲ್ಲ, ಅಷ್ಟೇ.

ಊರಿನ ಕೆರೆಯಲ್ಲಿ ಬಿದಿರು ಕೋಲು ಹಿಡಿದು ಕೂತವರಿಗೆ ಬೆಂಡು ಮುಳುಗುವುದು ಗೊತ್ತು. ಮೀನು ಎಳೆಯಿತು, ಬೆಂಡು ಮುಳುಗಿತು, ಎತ್ತಿದೆವು. ಇಲ್ಲಿ ಹಾಗಲ್ಲ. ಮಂಜುಗಡ್ಡೆಯ ಕೆಳಗೆ ಆಳದ ನೀರು ಸುಮಾರು 4 ಡಿಗ್ರಿ ಸೆಲ್ಸಿಯಸ್. ಆ ಚಳಿಗೆ ಮೀನಿನ ಮೈಯೆಲ್ಲ ನಿಧಾನ. ಓಡಿ ಬಂದು ಕಚ್ಚುವುದಿಲ್ಲ. ಹತ್ತಿರ ಬಂದು, ನಿಂತು ನೋಡಿ, ಗಾಳವನ್ನು ನೀರಿನ ಸಮೇತ ಒಳಗೆ ಹೀರಿಕೊಳ್ಳುತ್ತದೆ. ರುಚಿಸದಿದ್ದರೆ ಹಾಗೇ ಉಗುಳುತ್ತದೆ. ಎಷ್ಟೋ ಸಲ ಎಳೆಯುವುದೇ ಇಲ್ಲ, ಬಾಯಲ್ಲಿಟ್ಟುಕೊಂಡು ತುಸು ಮೇಲೆ ಏಳುತ್ತದೆ. ಕ್ರಾಪಿ ಮೀನಿಗೆ ಈ ಅಭ್ಯಾಸ ಜಾಸ್ತಿ. ಆಗ ದಾರ ಬಿಗಿಯಾಗುವ ಬದಲು ಸಡಿಲವಾಗುತ್ತದೆ. ಭಾರಕ್ಕೆ ಬಾಗಿದ್ದ ರಾಡಿನ ತುದಿ ಒಂದು ಅಕ್ಕಿಕಾಳಿನಷ್ಟು ಮೇಲೇಳುತ್ತದೆ. ಎತ್ತಬೇಕಾದ ಹೊತ್ತು ಅದೇ. ಕೈಗೆ ಏನೂ ತಿಳಿಯುವುದಿಲ್ಲ, ಕಣ್ಣಿಗೆ ಮಾತ್ರ ಕಾಣುತ್ತದೆ. ಹಾಗಾಗಿ ರಾಡ್ ಕೊಳ್ಳುವಾಗ ಮೊದಲು ನೋಡಬೇಕಾದ್ದು ಅದರ ತುದಿ.

ರಾಡಿನ ಮೇಲೆ ಅಲ್ಟ್ರಾಲೈಟ್, ಅಂದರೆ ಅತಿ ಹಗುರ, ಅಂತ ಬರೆದಿದ್ದರೆ ಸಾಕು ಅಂದುಕೊಳ್ಳಬೇಡಿ. ಒಂದು ಕಂಪನಿಯ ಅಲ್ಟ್ರಾಲೈಟ್ ಇನ್ನೊಂದು ಕಂಪನಿಯ ಲೈಟ್‌ನಷ್ಟು ಬಿಗಿ ಇರಬಹುದು. ನಾನು ಮಾಡುವುದು ಹೀಗೆ. ಬಳಸುವ ಗಾಳವನ್ನು ಜೇಬಿನಲ್ಲಿ ಅಂಗಡಿಗೆ ಒಯ್ಯುತ್ತೇನೆ, ಸಾಮಾನ್ಯವಾಗಿ 4 ಮಿಲಿಮೀಟರಿನ ಟಂಗ್‌ಸ್ಟನ್ ಜಿಗ್, ಅಂದರೆ ಪುಟ್ಟ ಲೋಹದ ಕಾಳು ಕೂಡಿಸಿದ ಕೊಕ್ಕೆ. ಗೇಣುದ್ದ ದಾರ ಕಟ್ಟಿ, ಅಂಗಡಿಯವರನ್ನು ಕೇಳಿ, ರಾಡಿನ ತುದಿಯಿಂದ ಇಳಿಬಿಡುತ್ತೇನೆ. ತುದಿ ಸ್ವಲ್ಪ ತಲೆ ಬಾಗಿಸಬೇಕು. ನೆಟ್ಟಗೇ ಇದ್ದರೆ ಬೇಡ, ಪೂರ್ತಿ ಜೋತುಬಿದ್ದರೂ ಬೇಡ. ಆಮೇಲೆ ಬೆರಳ ತುದಿಯಿಂದ ಜಿಗ್ಗನ್ನು ಕೆಳಗಿನಿಂದ ಮೆಲ್ಲಗೆ ಎತ್ತಿ. ತುದಿ ಆ ಕ್ಷಣವೇ ಮೇಲೆ ಬಂದರೆ ಆ ರಾಡ್ ನಿಮಗೆ ಮೀನಿನ ಸುದ್ದಿ ಹೇಳುತ್ತದೆ. ಬೆಲೆಯ ಚೀಟಿ ಆಮೇಲೆ ನೋಡಿ.

ತುದಿ ಮೆತ್ತಗಿದ್ದು, ಹಿಡಿಯ ಕಡೆಯ ಅರ್ಧ ಗಟ್ಟಿ ಇರಬೇಕು. ಇಲ್ಲದಿದ್ದರೆ ಎತ್ತಿದಾಗ ಕೊಕ್ಕೆ ಮೀನಿನ ಬಾಯಿಗೆ ನಾಟುವುದಿಲ್ಲ. ಇಲ್ಲಿ ನೂಡಲ್ ರಾಡ್ ಅಂತ ಕರೆಯುವ ತೀರಾ ಬಳುಕುವ ರಾಡುಗಳು ಚಿಕ್ಕ ಬ್ಲೂಗಿಲ್‌ಗೆ ಚೆನ್ನ, ವಾಲ್‌ಐ ಮೀನಿಗೆ ಬೇಡವೇ ಬೇಡ. ಘನ ಫೈಬರ್‌ಗ್ಲಾಸ್ ತುದಿ ಮೆತ್ತಗೆ ಬಾಗುತ್ತದೆ, ಒರಟು ಬಳಕೆಗೂ ತಾಳಿಕೊಳ್ಳುತ್ತದೆ. ಗ್ರಾಫೈಟ್ ಕೈಗೆ ಕಂಪನ ಚೆನ್ನಾಗಿ ತಲುಪಿಸುತ್ತದೆ, ಆದರೆ ಬಾಗಿಲಿಗೆ ಸಿಕ್ಕರೆ ಪಟ್ಟನೆ ಮುರಿಯುತ್ತದೆ. ಮೊದಲ ರಾಡಿಗೆ ಫೈಬರ್‌ಗ್ಲಾಸ್ ಸಾಕು ಅನ್ನುವುದು ನನ್ನ ಅಭಿಪ್ರಾಯ. ಉದ್ದ 24ರಿಂದ 28 ಇಂಚು. ಈಗಾಗಲೇ ಬಿಗಿ ರಾಡ್ ತಂದುಬಿಟ್ಟಿದ್ದರೆ ಎಸೆಯಬೇಡಿ. ತುದಿಗೆ ಸಿಕ್ಕಿಸುವ ಸಣ್ಣ ತಂತಿ, ಸ್ಪ್ರಿಂಗ್ ಬಾಬರ್ ಅಂತ ಸಿಗುತ್ತದೆ. ಕೆಲವೇ ಡಾಲರಿನಲ್ಲಿ ಕೆಲಸ ನಡೆಯುತ್ತದೆ.

ದಾರ 2 ಅಥವಾ 3 ಪೌಂಡ್ ಎಳೆತ ತಾಳುವಂಥದ್ದು. ದಪ್ಪ ದಾರ ಚಳಿಗೆ ಸುರುಳಿ ಸುರುಳಿಯಾಗುತ್ತದೆ, ಹಗುರ ಜಿಗ್ ಅದನ್ನು ನೆಟ್ಟಗೆ ಎಳೆಯಲಾರದು. ಆಗ ಎಂಥ ನಾಜೂಕು ತುದಿ ಇದ್ದರೂ ಸುಮ್ನೆ. ಟಂಗ್‌ಸ್ಟನ್ ಕೊಳ್ಳಿ ಅನ್ನುವುದೂ ಇದೇ ಕಾರಣಕ್ಕೆ. ಅದು ಸೀಸಕ್ಕಿಂತ ಹೆಚ್ಚುಕಡಿಮೆ 1.7 ಪಟ್ಟು ಸಾಂದ್ರ, ಕಾಳು ಚಿಕ್ಕದಾದರೂ ದಾರವನ್ನು ಬಿಗಿಯಾಗಿಡುತ್ತದೆ. ಸೀಸ ನುಂಗಿ ಸಾಯುವ ಲೂನ್ ಹಕ್ಕಿಗಳಿಗೂ ಒಳ್ಳೆಯದು. ಲೂನ್ ಈ ರಾಜ್ಯದ ಹಕ್ಕಿ. ರೀಲು ಇನ್‌ಲೈನ್, ಅಂದರೆ ದಾರ ನೇರವಾಗಿ ಸುತ್ತಿಕೊಳ್ಳುವಂಥದ್ದು, ಆಗಿದ್ದರೆ ದಾರ ತಿರುಚಿಕೊಳ್ಳುವುದಿಲ್ಲ. ನೀರಿನಲ್ಲಿ ಗಿರಗಿರ ಸುತ್ತುವ ಜಿಗ್ಗಿಗೆ ಚಳಿಗಾಲದ ಬ್ಲೂಗಿಲ್ ಬಾಯಿ ಹಾಕುವುದು ಕಡಿಮೆ.

ಬೇಸಿಗೆಯಲ್ಲಿ ಇಲ್ಲಿ ಒಬ್ಬರಿಗೆ ಒಂದೇ ದಾರ. ಮಂಜುಗಡ್ಡೆ ಮೇಲೆ ಎರಡಕ್ಕೆ ಅವಕಾಶವಿದೆ. ಹಾಗಂತ ಎರಡನೇ ಹಗುರ ರಾಡನ್ನು ಬಕೆಟ್ ಮೇಲೆ ಹಾಗೇ ಒರಗಿಸಿಡಬೇಡಿ. ಪೈಕ್ ಮೀನು ಸಿಕ್ಕರೆ ರಾಡ್ ಸಮೇತ ತೂತಿನೊಳಗೆ ಎಳೆದುಕೊಂಡು ಹೋಗುತ್ತದೆ. ಸ್ಟ್ಯಾಂಡಿಗೆ ಸಿಕ್ಕಿಸಿಡಿ.

ಎಷ್ಟು ಮೀನು ಮನೆಗೆ ಒಯ್ಯಬಹುದು ಅನ್ನುವುದು ಕೆರೆಯಿಂದ ಕೆರೆಗೆ ಬದಲಾಗುತ್ತದೆ. ರಾಜ್ಯದ ಸಾಮಾನ್ಯ ನಿಯಮದಲ್ಲಿ ಕ್ರಾಪಿ 10. ಬ್ಲೂಗಿಲ್ ಸೇರಿದ ಸನ್‌ಫಿಶ್‌ಗೆ 20, ಆದರೆ ಕೆಲವು ಕೆರೆಗಳಲ್ಲಿ ಅದು 10, ಇನ್ನು ಕೆಲವಲ್ಲಿ ಬರೀ 5. ದೊಡ್ಡ ಬ್ಲೂಗಿಲ್ ಉಳಿಯಲಿ ಅಂತ ಹಾಕಿದ ಮಿತಿ ಅದು. ಇಲಾಖೆಯ ಲೇಕ್‌ಫೈಂಡರ್ ಪುಟದಲ್ಲಿ ಕೆರೆಯ ಹೆಸರು ಹಾಕಿ ನೋಡಿ, ಆಳ, ಮೀನು, ಮಿತಿ ಎಲ್ಲ ಬರುತ್ತದೆ.

ಡಿಸೆಂಬರಿನಲ್ಲಿ ಇಲ್ಲಿ ಸಂಜೆ ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ. ಕ್ರಾಪಿ ಚುರುಕಾಗುವುದು ಆ ಮಬ್ಬಿನಲ್ಲೇ, ಆದ್ದರಿಂದ ತುದಿಗೆ ಕೆಂಪೋ ಕಿತ್ತಳೆಯೋ ಬಣ್ಣ ಇರುವ ರಾಡ್ ಹುಡುಕಿ. ಹಣೆಗೆ ಕಟ್ಟುವ ಟಾರ್ಚ್ ಜೊತೆಗಿರಲಿ. ದಾರ ಹಾಯುವ ತುದಿಯ ಬಳೆಯಲ್ಲಿ ಮಂಜು ಕಟ್ಟಿದರೆ ತಟ್ಟಿ ಒಡೆಯಬೇಡಿ, ಬೆರಳಲ್ಲಿ ಹಿಡಿದು ಕರಗಿಸಿ. ಹುಳುವಿನ ಡಬ್ಬಿ ಮಾತ್ರ ಅಂಗಿಯ ಒಳಜೇಬಿನಲ್ಲಿರಲಿ. ಹೊರಜೇಬಿನಲ್ಲಿಟ್ಟರೆ ಅರ್ಧ ಗಂಟೆಗೆಲ್ಲ ಸೆಟೆದುಕೊಳ್ಳುತ್ತವೆ.