ಹಳೆಯ ಬೆಂಜ್‌ನ ಹೊಟ್ಟೆಯಡಿಯ ರಬ್ಬರ್ ಬದಲಿಸಿದ್ದು

ನನ್ನ ಬಳಿ ಇರುವುದು 1996ರ ಮರ್ಸಿಡಿಸ್ ಇ-220, ಆಟೋಮ್ಯಾಟಿಕ್ ಗೇರ್. ಡಬ್ಲ್ಯು 124 ಎನ್ನುವ ಮಾದರಿ. ಜರ್ಮನಿಯಲ್ಲಿ ಇದು 1984ರ ಕೊನೆಗೆ ಬಂದಿತ್ತು. ಪುಣೆಯಲ್ಲಿ ಜೋಡಿಸಲು ಶುರು ಮಾಡಿದ್ದು 1995ರಲ್ಲಿ, ಅಂದರೆ ಜರ್ಮನಿಯಲ್ಲಿ ಇದರ ಬದಲು ಹೊಸ ಮಾದರಿ ಬಂದ ವರ್ಷ. ಹಳೆಯದಾದರೂ ಇದರ ಕಬ್ಬಿಣ ಗಟ್ಟಿ. ಸೋಲುವುದು ಕಬ್ಬಿಣದ ನಡುವೆ ಕೂತಿರುವ ರಬ್ಬರ್.

ನನ್ನ ಗಾಡಿಯಲ್ಲಿ ಮೂರು ತೊಂದರೆ ಸೇರಿಕೊಂಡಿದ್ದವು. ಪಾರ್ಕ್‌ನಿಂದ ರಿವರ್ಸ್‌ಗೆ ಹಾಕಿದರೆ ಕೆಳಗಿನಿಂದ ‘ಢಗ್’ ಎಂಬ ಸದ್ದು. ಟ್ರಾಫಿಕ್‌ನಲ್ಲಿ ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದರೆ ಅದೇ ಸದ್ದು, ಸ್ವಲ್ಪ ಮೆಲ್ಲಗೆ. ಇನ್ನು 50–60 ಕಿ.ಮೀ. ವೇಗದಲ್ಲಿ ಏರು ಹತ್ತುವಾಗ ಸೀಟಿನ ಕೆಳಗೆ ಗುಂಯ್ ಎನ್ನುವ ನಡುಕ.

ಒಂದು ಗ್ಯಾರೇಜಿನಲ್ಲಿ ಗೇರ್‌ಬಾಕ್ಸ್ ಬಿಚ್ಚಬೇಕು ಅಂದರು. ಇನ್ನೊಂದರಲ್ಲಿ ಕ್ರೌನ್ ಪಿನಿಯನ್, ಅಂದರೆ ಹಿಂದಿನ ಚಕ್ರಗಳ ನಡುವಿನ ಡಿಫರೆನ್ಷಿಯಲ್ ಒಳಗಿನ ಹಲ್ಲುಚಕ್ರ, ಹೋಗಿದೆ ಅಂದರು. ಎರಡೂ ಲಕ್ಷದ ಮಾತು. ಇಬ್ಬರೂ ಗಾಡಿಯ ಕೆಳಗೆ ಟಾರ್ಚ್ ಹಾಕಿ ನೋಡಿರಲಿಲ್ಲ. ಹಾಗಾಗಿ ನಾನೇ ನೋಡೋಣ ಅಂದುಕೊಂಡೆ.

ಮೊದಲು ತಿಳಿಯಬೇಕಾದ್ದು ಒಂದೇ. ನಡುಕ ವೇಗದ ಜೊತೆ ಬರುತ್ತದೋ, ಎಳೆತದ ಜೊತೆ ಬರುತ್ತದೋ? ಬೆಳಗಿನ ಜಾವ ಖಾಲಿ ಇರುವಾಗ ಬೆಂಗಳೂರಿನ ನೈಸ್ ರಸ್ತೆಗೆ ಹೋದೆ. 60ರಲ್ಲಿ ನಡುಕ ಚೆನ್ನಾಗಿ ಬಂದಾಗ ಗೇರನ್ನು ನ್ಯೂಟ್ರಲ್‌ಗೆ ತಳ್ಳಿದೆ. ಎಂಜಿನ್ ಆಫ್ ಮಾಡಬಾರದು, ಸ್ಟಿಯರಿಂಗೂ ಬ್ರೇಕೂ ಭಾರವಾಗಿಬಿಡುತ್ತವೆ. ಗಾಡಿಯ ವೇಗ ಅಷ್ಟೇ ಇತ್ತು, ನಡುಕ ಮುಕ್ಕಾಲು ಪಾಲು ಇಲ್ಲವಾಯಿತು. ಚಕ್ರದ ಬ್ಯಾಲೆನ್ಸ್ ತಪ್ಪಿದ್ದರೆ ನ್ಯೂಟ್ರಲ್‌ನಲ್ಲೂ ಅಷ್ಟೇ ನಡುಗಬೇಕಿತ್ತು ಅಲ್ವಾ? ಹಾಗಾಗಿ ಇದು ಎಳೆತ ಬಿದ್ದಾಗ ಬಾಗುವ ಯಾವುದೋ ಭಾಗದ ಕೆಲಸ. ಉಳಿದ ಕಾಲು ಪಾಲು ನಡುಕವನ್ನು ಮಾತ್ರ ಪಕ್ಕಕ್ಕಿಟ್ಟುಕೊಂಡೆ.

ಸ್ವಲ್ಪ ಲೆಕ್ಕವನ್ನೂ ಹಾಕಿದೆ. 195/65 ಆರ್ 15 ಟೈರಿನ ಸುತ್ತಳತೆ ಸುಮಾರು 2 ಮೀಟರ್. 60 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ 8 ಸುತ್ತು ಚಿಲ್ಲರೆ ತಿರುಗುತ್ತದೆ. ಗೇರ್‌ಬಾಕ್ಸಿನ ತಿರುಗುವ ಬಲವನ್ನು ಹಿಂದಿನ ಚಕ್ರಗಳ ಕಡೆಗೆ ಒಯ್ಯುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಅದಕ್ಕಿಂತ ಸುಮಾರು ಮೂರು ಪಟ್ಟು, ಅಂದರೆ 25ರ ಆಸುಪಾಸು. ಚಕ್ರದ ದೋಷವಾದರೆ ನಿಧಾನವಾಗಿ ಅಲುಗಾಡಿಸಿದ ಹಾಗೆ ಅನಿಸುತ್ತದೆ. ನನಗೆ ಬರುತ್ತಿದ್ದದ್ದು ಬಿಗಿಯಾದ ಗುಂಯ್. ಅದು ಶಾಫ್ಟಿನ ಲಯ.

ಎಂಜಿನ್ ಕೂರುವ ರಬ್ಬರ್ ಆಸರೆ, ಅಂದರೆ ಎಂಜಿನ್ ಮೌಂಟ್, ಸೋತಿದ್ದರೂ ಗಾಡಿ ನಡುಗುತ್ತದೆ. ಆದರೆ ಅದು ಹೆಚ್ಚಾಗಿ ನಿಂತಲ್ಲೇ ಗೊತ್ತಾಗುತ್ತದೆ. ಬ್ರೇಕ್ ಒತ್ತಿ ಗೇರನ್ನು ಡ್ರೈವ್‌ಗೆ ಹಾಕಿದೆ, ಡ್ಯಾಶ್‌ಬೋರ್ಡ್ ಸುಮ್ನೆ ಇತ್ತು. ಅದನ್ನು ಬಿಟ್ಟೆ.

ಈ ಬೆಂಜ್‌ನ ಪ್ರೊಪೆಲ್ಲರ್ ಶಾಫ್ಟ್ ಎರಡು ತುಂಡು. ಗೇರ್‌ಬಾಕ್ಸ್ ಕಡೆ ಒಂದು, ಡಿಫರೆನ್ಷಿಯಲ್ ಕಡೆ ಒಂದು ಫ್ಲೆಕ್ಸ್ ಡಿಸ್ಕ್ ಇರುತ್ತದೆ. ಹಳೆಯ ಮೆಕ್ಯಾನಿಕ್‌ಗಳು ರಬ್ಬರ್ ಕಪ್ಲಿಂಗ್ ಅನ್ನುತ್ತಾರೆ. ದಪ್ಪ ರಬ್ಬರ್ ಬಿಲ್ಲೆ, ಒಳಗೆ ನೂಲಿನ ಎಳೆ ಸುತ್ತಿದ್ದು, ಆರು ಬೋಲ್ಟ್ ತೂತು. ಮೂರು ಬೋಲ್ಟು ಒಂದು ಕಡೆಯ ಫ್ಲ್ಯಾಂಜಿಗೆ (ತುದಿಯ ಕಬ್ಬಿಣದ ಚಾಚು), ಮೂರು ಇನ್ನೊಂದು ಕಡೆಗೆ. ಎಂಜಿನ್ ತಿರುಚುವ ಬಲವೆಲ್ಲ ಈ ರಬ್ಬರಿನ ಮೂಲಕವೇ ಹೋಗುತ್ತದೆ. ಶಾಫ್ಟಿನ ನಡುವೆ ಅದನ್ನು ಹಿಡಿದಿಡುವ ಸೆಂಟರ್ ಬೇರಿಂಗ್, ಅದರ ಸುತ್ತಲೂ ಒಂದು ರಬ್ಬರ್ ಉಂಗುರ.

ನೋಡುವ ಕೆಲಸಕ್ಕೆ ಸ್ನೇಹಿತರ ಶೆಡ್ಡಿನ ಲಿಫ್ಟ್ ಸಿಕ್ಕಿತು. ಲಿಫ್ಟ್ ಇಲ್ಲದಿದ್ದರೆ ಗಟ್ಟಿ ಸ್ಟ್ಯಾಂಡ್ ಬೇಕೇ ಬೇಕು. ಬರೀ ಜಾಕಿ ನಂಬಿ ಕೆಳಗೆ ಮಲಗಬೇಡಿ. ಟಾರ್ಚ್ ಹಾಕಿ ಹಿಂದಿನ ಡಿಸ್ಕ್ ನೋಡಿದೆ. ಮೇಲ್ಮೈಯಲ್ಲಿ ಸಣ್ಣ ಗೀರು ಇದ್ದರೆ ಅದು ವಯಸ್ಸು, ಅಷ್ಟೇ. ಆದರೆ ಇಲ್ಲಿ ಬೋಲ್ಟ್ ತೂತಿನ ಸುತ್ತ ಬಿರುಕು ಬಾಯಿ ಬಿಟ್ಟಿತ್ತು, ಒಳಗಿನ ನೂಲು ಕಾಣುತ್ತಿತ್ತು. ಸುತ್ತಿಸಿ ನೋಡಿದರೆ ಮೂರು ಕಡೆ ಹಾಗೆಯೇ. ಎಳೆತ ಬೀಳುವ ದಿಕ್ಕಿನ ಭಾಗಗಳಲ್ಲೇ ಬಿರುಕು, ನಡುವಿನ ಭಾಗಗಳು ಚೆನ್ನಾಗಿಯೇ ಇದ್ದವು. ಮುಂದಿನ ಡಿಸ್ಕಿನ ಕಥೆ ಬೇರೆ. ಗೇರ್‌ಬಾಕ್ಸ್ ಹಿಂಬದಿಯ ಸೀಲ್ ಒಸರಿ ಎಣ್ಣೆ ಬಿದ್ದು ರಬ್ಬರ್ ಉಬ್ಬಿಕೊಂಡಿತ್ತು, ಉಗುರು ಒತ್ತಿದರೆ ಗುರುತು ಬೀಳುತ್ತಿತ್ತು. ಸೀಲ್ ಬದಲಿಸದೆ ಹೊಸ ಡಿಸ್ಕ್ ಹಾಕಿದರೆ ಅದಕ್ಕೂ ಅದೇ ಗತಿ.

ಆಮೇಲೆ ಉದ್ದನೆಯ ಸ್ಕ್ರೂಡ್ರೈವರ್‌ನಿಂದ ಸೆಂಟರ್ ಬೇರಿಂಗ್ ಪಕ್ಕ ಶಾಫ್ಟನ್ನು ಮೇಲೆ ಎತ್ತಿದೆ. ಸುಲಭವಾಗಿ ಎದ್ದಿತು. ಉಂಗುರದ ರಬ್ಬರ್ ಕೆಳಭಾಗದಲ್ಲಿ ಹರಿದಿತ್ತು. ನ್ಯೂಟ್ರಲ್‌ನಲ್ಲೂ ಉಳಿದಿದ್ದ ಕಾಲು ಪಾಲು ನಡುಕ ಎಲ್ಲಿಂದ ಅನ್ನುವುದು ಗೊತ್ತಾಯಿತು. ಗೇರ್‌ಬಾಕ್ಸ್ ಮೌಂಟ್ ಕೂಡ ಕುಸಿದಿತ್ತು. ಅದು ಕುಸಿದರೆ ಶಾಫ್ಟಿನ ಕೋನವೇ ಬದಲಾಗುತ್ತದೆ, ಆಗ ಡಿಸ್ಕಿಗೆ ಪ್ರತಿ ಸುತ್ತಿನಲ್ಲೂ ಜಾಸ್ತಿ ಬಾಗುವ ಕೆಲಸ. ಬೇರೆ ಎಲ್ಲದಕ್ಕಿಂತ ಅಗ್ಗದ ಪಾರ್ಟ್ ಇದು. ಆದರೂ ಜನ ಇದನ್ನೇ ಮರೆಯುತ್ತಾರೆ.

ಡಿಫರೆನ್ಷಿಯಲ್ ಹಿಡಿದಿರುವ ರಬ್ಬರ್ ಬುಷ್‌ಗಳನ್ನು ಹಾರೆಯಿಂದ ಒತ್ತಿ ನೋಡಿದೆ. ರಬ್ಬರ್ ಸ್ವಲ್ಪ ಬಾಗಿ ವಾಪಸ್ ಬಂತು, ಒಳಗಿನ ಲೋಹದಿಂದ ಬಿಟ್ಟುಕೊಂಡಿರಲಿಲ್ಲ. ಕ್ರೌನ್ ಪಿನಿಯನ್ ಹೋಗಿದ್ದರೆ ಎಳೆಯುವಾಗಲೋ ಬಿಟ್ಟಾಗಲೋ ಕೂಗು ಕೇಳಬೇಕು. ನನ್ನ ಗಾಡಿಯಲ್ಲಿ ಕೂಗೇ ಇರಲಿಲ್ಲ.

ಪಾರ್ಟ್‌ಗಾಗಿ ಜೆ.ಸಿ. ರಸ್ತೆಗೆ ಹೋದೆ. ಫ್ಲೆಕ್ಸ್ ಡಿಸ್ಕ್‌ಗೆ ಬವೇರಿಯಾದ ಎಸ್‌ಜಿಎಫ್ ಕಂಪನಿಯದು ಸಿಕ್ಕರೆ ಬೇರೆ ನೋಡಬೇಡಿ, ಮೂಲ ಪಾರ್ಟ್ ತಯಾರಿಸುವವರೇ ಅವರು. ಅಂಗಡಿಯವರು ಮೊದಲು ಅಗ್ಗದ್ದೊಂದನ್ನು ಮುಂದಿಟ್ಟು, ‘ಸಾರ್, ಇದೂ ಸೇಮ್’ ಅಂದರು. ಕೈಯಲ್ಲಿ ತಿರುಚಿ ನೋಡಿದರೆ ಮೆತ್ತಗಿತ್ತು. ಬೇಡ ಅಂದೆ. ಹೊಸ ಪ್ಯಾಕ್ ಎಂದು ಮೋಸ ಹೋಗುವುದೂ ಉಂಟು. ಅಲ್ಮಾರಿನಲ್ಲಿ ಹತ್ತು ವರ್ಷ ಕೂತ ರಬ್ಬರ್ ಹೊಸದಲ್ಲ, ಗಟ್ಟಿಯಾಗಿ ಹೊಳಪು ಕಳೆದುಕೊಂಡಿರುತ್ತದೆ. ಬೋಲ್ಟು, ಲಾಕ್ ನಟ್ಟು ಹೊಸದೇ ಬೇಕು. ಹಳೆಯ ಲಾಕ್ ನಟ್ಟನ್ನು ಮತ್ತೆ ಹಾಕಿದರೆ ಅದು ನಿಲ್ಲುತ್ತದೆ ಎಂಬ ಭರವಸೆ ಇಲ್ಲ.

ಬಿಚ್ಚುವಾಗ ಸೈಲೆನ್ಸರನ್ನು ಇಳಿಸಬೇಕು, ಅದರ ಮೇಲಿನ ಬಿಸಿ ತಡೆಯುವ ತಗಡನ್ನೂ ತೆಗೆಯಬೇಕು. ತುಕ್ಕು ಹಿಡಿದ ಬೋಲ್ಟಿಗೆ ಹಿಂದಿನ ದಿನವೇ ಎಣ್ಣೆ ಬಿಟ್ಟರೆ ಒಳ್ಳೆಯದು. ಗೇರ್‌ಬಾಕ್ಸ್ ಕೆಳಗೆ ಜಾಕಿ ಕೊಟ್ಟು ಮೌಂಟ್ ಇರುವ ಅಡ್ಡಪಟ್ಟಿ ತೆಗೆದೆ. ಇಲ್ಲಿ ತಪ್ಪಿಸಬಾರದ ಕೆಲಸ ಒಂದಿದೆ. ಶಾಫ್ಟಿನ ಎರಡು ತುಂಡುಗಳ ಮೇಲೂ, ಫ್ಲ್ಯಾಂಜ್‌ಗಳ ಮೇಲೂ ಬಿಳಿ ಬಣ್ಣದಿಂದ ಗೆರೆ ಎಳೆದುಕೊಳ್ಳಬೇಕು. ಶಾಫ್ಟನ್ನು ಜೋಡಿಸಿಯೇ ಬ್ಯಾಲೆನ್ಸ್ ಮಾಡಿರುತ್ತಾರೆ. ಒಂದು ಹಲ್ಲು ಆಚೀಚೆ ಕೂತರೂ ಹೊಸ ನಡುಕ ಹುಟ್ಟುತ್ತದೆ, ಮತ್ತೆ ಬುಡದಿಂದ ಹುಡುಕಾಟ.

ಶಾಫ್ಟಿನ ಎರಡು ತುಂಡು ಸೇರುವಲ್ಲಿ ಬಿಗಿ ಹಿಡಿಯುವ ಸ್ಲೈಡಿಂಗ್ ನಟ್ಟು ದೊಡ್ಡದು. ಅದಕ್ಕೆ ತೆಳುವಾದ ದೊಡ್ಡ ಸ್ಪ್ಯಾನರ್ ಎರಡು ಬೇಕು. ಪೈಪ್ ರೆಂಚ್ ಹಾಕಿ ಕಚ್ಚಿಸುವವರಿದ್ದಾರೆ, ದಯವಿಟ್ಟು ಬೇಡ. ಹಳೆಯ ಬೇರಿಂಗನ್ನು ಪುಲ್ಲರ್‌ನಿಂದ ಎಳೆದೆ. ಹೊಸದನ್ನು ಕೂರಿಸಲು ಪರಿಚಯದ ಲೇತ್ ಅಂಗಡಿಯ ಪ್ರೆಸ್ ಬಳಸಿದೆ. ಒಳ ಉಂಗುರದ ಮೇಲೆ ಮಾತ್ರ ಒತ್ತಬೇಕು, ಹೊರ ಉಂಗುರ ಒತ್ತಿದರೆ ಗೋಲಿಗಳು ಅಲ್ಲೇ ಕೆಟ್ಟವು ಅಂದುಕೊಳ್ಳಿ. ಶಾಫ್ಟನ್ನು ಕೈಯಲ್ಲಿ ಹಿಡಿದಾಗ ನಡುವಿನ ಬಾಗುವ ಕೀಲಾದ ಕ್ರಾಸನ್ನೂ ಎಲ್ಲ ದಿಕ್ಕಿಗೆ ಬಾಗಿಸಿ ನೋಡಿದೆ. ಎಲ್ಲೂ ತಡೆಯಲಿಲ್ಲ. ತಡೆದಿದ್ದರೆ ಕೆಲಸ ದೊಡ್ಡದಾಗುತ್ತಿತ್ತು, ಯಾಕೆಂದರೆ ಇದನ್ನು ಬಿಚ್ಚಿ ಬದಲಿಸುವ ಹಾಗೆ ಕೊಟ್ಟಿಲ್ಲ. ಶಾಫ್ಟನ್ನು ನಡುವಿನಲ್ಲೇ ಕೂರಿಸುವ ಎರಡೂ ತುದಿಯ ಸೆಂಟರಿಂಗ್ ಬುಷ್‌ಗೆ ಗ್ರೀಸ್ ತುಂಬಿದೆ.

ಜೋಡಿಸುವಾಗ ಬೋಲ್ಟಾಗಲಿ ನಟ್ಟಾಗಲಿ, ಡಿಸ್ಕಿನ ರಬ್ಬರ್ ಕಡೆಗೆ ತಾಗುವುದನ್ನು ಹಿಡಿದುಕೊಂಡು, ಕಬ್ಬಿಣದ ಫ್ಲ್ಯಾಂಜಿನ ಕಡೆಯದನ್ನು ಮಾತ್ರ ತಿರುಗಿಸಬೇಕು. ಇಲ್ಲದಿದ್ದರೆ ಹೊಸ ರಬ್ಬರ್ ಕೂರುವಾಗಲೇ ತಿರುಚಿಕೊಳ್ಳುತ್ತದೆ, ಅದರ ಆಯಸ್ಸು ಅರ್ಧ ಅಲ್ಲೇ ಮುಗಿಯುತ್ತದೆ. ಬಿಗಿತಕ್ಕೆ ಕೈ ಅಂದಾಜು ಬೇಡ, ಸರ್ವಿಸ್ ಪುಸ್ತಕ ನೋಡಿ ಟಾರ್ಕ್ ರೆಂಚ್ ಬಳಸಿ.

ಸೆಂಟರ್ ಬೇರಿಂಗ್ ಬೋಲ್ಟು ಮತ್ತು ಸ್ಲೈಡಿಂಗ್ ನಟ್ಟನ್ನು ಮೊದಲೇ ಬಿಗಿ ಮಾಡಬಾರದು. ಗಾಡಿಯ ಭಾರ ಚಕ್ರದ ಮೇಲೆ ಇರಬೇಕು. ಹಿಂದೆ ಮುಂದೆ ಉರುಳಿಸಿದರೆ ಶಾಫ್ಟ್ ತನ್ನ ಜಾಗ ಹುಡುಕಿಕೊಂಡು ಕೂರುತ್ತದೆ. ಆಮೇಲೆ ಬೇರಿಂಗ್ ಬಿಗಿ, ಕೊನೆಗೆ ನಟ್ಟು ಬಿಗಿ. ಈ ಹಂತ ಬಿಟ್ಟರೆ ಹೊಸ ಬೇರಿಂಗ್ ರಬ್ಬರ್ ಸದಾ ಒಂದು ಕಡೆ ಎಳೆದುಕೊಂಡೇ ಇರುತ್ತದೆ. ಹೊಸ ಪಾರ್ಟ್ ಬೇಗ ಹರಿಯಿತು ಎಂದು ಜನ ಬಯ್ಯುವುದರಲ್ಲಿ ಎಷ್ಟೋ ಸಲ ಕಾರಣ ಇದೇ ಎಂದು ನನಗನಿಸುತ್ತದೆ.

ಓಡಿಸಿ ನೋಡಿದೆ. ಪಾರ್ಕ್‌ನಿಂದ ರಿವರ್ಸ್‌ಗೆ ಹಾಕಿದರೆ ಮೆತ್ತಗೆ ಹಿಡಿಯುತ್ತದೆ, ಢಗ್ ಇಲ್ಲ. 60ರ ಏರಿನಲ್ಲಿ ಗುಂಯ್ ಹೋಗಿದೆ. ಗೇರ್‌ಬಾಕ್ಸ್ ಬಿಚ್ಚುವ ಮಾತಿನ ಖರ್ಚಿಗೆ ಹೋಲಿಸಿದರೆ ಇದು ಏನೂ ಅಲ್ಲ. ಒಂದು ವಾರ ಓಡಿಸಿದ ಮೇಲೆ ಮತ್ತೆ ಕೆಳಗೆ ಹೋಗಿ ಎಲ್ಲ ಬೋಲ್ಟಿಗೂ ಟಾರ್ಕ್ ರೆಂಚ್ ಇಟ್ಟೆ, ಯಾವುದೂ ಸಡಿಲಾಗಿರಲಿಲ್ಲ.

ಇನ್ನು ಉಳಿದಿರುವುದು ಹಿಂದಿನ ಸಬ್‌ಫ್ರೇಮಿನ, ಅಂದರೆ ಡಿಫರೆನ್ಷಿಯಲ್ ಹೊತ್ತಿರುವ ಚೌಕಟ್ಟಿನ, ನಾಲ್ಕು ಬುಷ್. ಹಂಪ್ ಇಳಿಯುವಾಗ ಹಿಂದಿನಿಂದ ಒಂದು ಮಂದ ಸದ್ದು ಬರುತ್ತಿದೆ, ಒಂದು ಬುಷ್ ಕುಳಿತ ಹಾಗೂ ಕಾಣುತ್ತದೆ. ಅದಕ್ಕೆ ಪ್ರತ್ಯೇಕ ಪುಲ್ಲರ್ ಬೇಕು, ಅದನ್ನು ಪೀಣ್ಯದಲ್ಲಿ ಮಾಡಿಸಲು ಕೊಟ್ಟಿದ್ದೇನೆ.