ಮಳೆಗಾಲದ ಮುಗ್ಗಲು ವಾಸನೆ: ಸೆಂಟು ಆಮೇಲೆ, ಮೊದಲು ಕಪಾಟು ಗೋಡೆಯಿಂದ ಸರಿಸಿ

ಕಳೆದ ಜುಲೈನಲ್ಲಿ ಕಾರವಾರದಲ್ಲೇ ಪರಿಚಯದ ಅಕ್ಕ ಒಬ್ಬರ ಮನೆಗೆ ಹೋಗಿದ್ದೆ. ಬಾಗಿಲು ತೆಗೆದ ಕೂಡಲೇ ಮಲ್ಲಿಗೆ ಸೆಂಟು ಗಪ್ಪನೆ ಮೂಗಿಗೆ ಹೊಡೆಯಿತು, ಅದರ ಬೆನ್ನಿಗೇ ಮುಗ್ಗಲು ವಾಸನೆ. ಪ್ಲಗ್ಗಿಗೆ ಸಿಕ್ಕಿಸುವ ಸೆಂಟಿನ ಬಾಟಲಿ ಹಾಲ್‌ನಲ್ಲೊಂದು, ಮಲಗುವ ಕೋಣೆಯಲ್ಲೊಂದು. "ತಿಂಗಳಿಗೆ ಎರಡು ಬಾಟಲಿ ಖಾಲಿ ಆಗ್ತದೆ ಮಾರಾಯ್ತಿ, ವಾಸನೆ ಮಾತ್ರ ಹೋಗೋದಿಲ್ಲ" ಅಂದರು. ಕಪಾಟಿನಲ್ಲಿದ್ದ ಬಟ್ಟೆ ಎಲ್ಲ ತೆಗೆಸಿದೆ. ಹಿಂಬದಿಯ ಪ್ಲೈವುಡ್ ತುಂಬ ಬೂದು-ಹಸಿರು ಬೂಸ್ಟು. ಅವರ ಮದುವೆ ಸೀರೆಯ ಮಡಿಕೆಯಲ್ಲಿ ಅಕ್ಕಿಹಿಟ್ಟು ಉದುರಿಸಿದ ಹಾಗೆ ಬಿಳಿ ಚುಕ್ಕೆ. ಅಕ್ಕ ಆ ಸೀರೆ ಹಿಡಿದುಕೊಂಡು ಮಂಚದ ಮೇಲೆ ಕೂತುಬಿಟ್ಟರು. ನನಗೂ ಹೊಟ್ಟೆ ಚುರುಕ್ ಅಂದಿತು.

ನಮ್ಮ ಕಡೆ ವರ್ಷಕ್ಕೆ 3000 ಮಿ.ಮೀ. ಆಸುಪಾಸು ಮಳೆ, ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮುಗ್ಗಲು ವಾಸನೆ ಅಂದರೆ ಆ ಬೂಸ್ಟು ಬೆಳೆಯುವಾಗ ಬಿಡುವ ಗಾಳಿ. ಬೂಸ್ಟು ಇರುವಷ್ಟು ದಿನ ವಾಸನೆಯೂ ಇರುತ್ತದೆ, ಮೇಲೆ ಎಷ್ಟು ಸೆಂಟು ಹೊಡೆದರೂ ಅಷ್ಟೇ. ಹಾಗಾಗಿ ಕಪಾಟಿನಿಂದಲೇ ಶುರು ಮಾಡಿ.

ಎಲ್ಲ ಬಟ್ಟೆ ಹೊರಗೆ ತೆಗೆಯಿರಿ. ಅರ್ಧ ಖಾನೆ ಖಾಲಿ ಮಾಡಿ ಇನ್ನರ್ಧ ನಾಳೆ ಅಂತ ಬಿಡಬೇಡಿ, ಉಳಿದ ಕಡೆಯಿಂದ ಅದು ಮತ್ತೆ ಹಬ್ಬುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಬಹಳ ಜನ ತಪ್ಪುವುದು ಇಲ್ಲೇ: ಒಣ ಬಟ್ಟೆಯಲ್ಲೋ ಪೊರಕೆಯಲ್ಲೋ ಬೂಸ್ಟನ್ನು ಜಾಡಿಸುತ್ತಾರೆ. ಪುಡಿ ಹಾರಿ ಕೋಣೆಯೆಲ್ಲ ಹರಡುತ್ತದೆ, ಹದಿನೈದು ದಿನಕ್ಕೆ ಬೇರೆ ಕಡೆ ಏಳುತ್ತದೆ. ಬಿಳಿ ವಿನೆಗರ್ ಅರ್ಧ, ನೀರು ಅರ್ಧ ಬೆರೆಸಿ, ಅದರಲ್ಲಿ ಬಟ್ಟೆ ಅದ್ದಿ ಗಟ್ಟಿಯಾಗಿ ಹಿಂಡಿ ಒರೆಸಿ. ಒರೆಸಿದ ಬಟ್ಟೆಯನ್ನು ಅದೇ ಬಕೆಟ್ಟಿಗೆ ಅದ್ದಬೇಡಿ, ಬೇರೆ ನೀರಲ್ಲಿ ತೊಳೆದು ಆಮೇಲೆ ಅದ್ದಿ. ಮೂಲೆ, ಬಾಗಿಲಿನ ಸಂದಿ, ಖಾನೆಯ ಹಲಗೆಯ ಅಡಿಭಾಗ ಇವನ್ನು ಮರೆಯಬೇಡಿ. ಹಲಗೆಯ ಅಡಿ ಯಾರೂ ನೋಡುವುದಿಲ್ಲ, ಜಾಸ್ತಿ ಬೂಸ್ಟು ಇರುವುದು ಅಲ್ಲೇ. ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ವಿನೆಗರ್ ಜೊತೆ ಬ್ಲೀಚ್ ಸೇರಿಸಲೇಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಅದು ವಿಷ.

ಈಗ ಒಣಗಿಸುವುದು. ಬಾಗಿಲು ಪೂರಾ ತೆರೆದಿಟ್ಟು ಟೇಬಲ್ ಫ್ಯಾನನ್ನು ಕಪಾಟಿನ ಒಳಕ್ಕೇ ತಿರುಗಿಸಿ, ಎರಡು ದಿನ ಬಿಡಿ. ಎರಡು ತಾಸಲ್ಲ, ಎರಡು ದಿನ. ಮುಟ್ಟಿದರೆ ಒಣಗಿದ ಹಾಗೆ ಕಂಡರೂ ಪ್ಲೈವುಡ್ ಒಳಗೆ ಪಸೆ ಹಿಡಿದಿಟ್ಟುಕೊಂಡಿರುತ್ತದೆ. ಅಂಗೈ ಒತ್ತಿ ನೋಡಿ, ತಣ್ಣಗೆ ಅನಿಸಿದರೆ ಇನ್ನೊಂದು ದಿನ ಬೇಕು. ಆಮೇಲೆ ಬಾಗಿಲು ಮುಚ್ಚಿ ಒಂದು ರಾತ್ರಿ ಖಾಲಿ ಬಿಡಿ. ಬೆಳಿಗ್ಗೆ ಅಂಗಳಕ್ಕೆ ಹೋಗಿ ಸ್ವಲ್ಪ ಹೊತ್ತು ನಿಂತು, ಒಳಗೆ ಬಂದು ಬಾಗಿಲು ತೆಗೆದು ಮೂಸಿ. ಮನೆಯೊಳಗೇ ಇದ್ದರೆ ಮೂಗು ವಾಸನೆಗೆ ಒಗ್ಗಿಬಿಡುತ್ತದೆ, ಹಾಗಾಗಿ ಹೊರಗೆ ಹೋಗಿ ಬರುವುದು ಮುಖ್ಯ.

ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಸರಿಸಿ ಇಡಿ. ಮಳೆ ಹೊಡೆಯುವ ಹೊರಗೋಡೆ ತಣ್ಣಗಿರುತ್ತದೆ, ಕಪಾಟು ಅದಕ್ಕೆ ಅಂಟಿಕೊಂಡಿದ್ದರೆ ನಡುವೆ ಗಾಳಿ ಆಡದೆ ಪಸೆ ನಿಲ್ಲುತ್ತದೆ. ಗೋಡೆಯ ಮೇಲೆ ಸಂಶಯ ಇದ್ದರೆ ಅಂಗೈ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಒಂದೆರಡು ದಿನ ಬಿಟ್ಟು ನೋಡಿ. ಗೋಡೆ ಕಡೆಯ ಮುಖದಲ್ಲಿ ನೀರಿನ ಹನಿ ಇದ್ದರೆ ಗೋಡೆಯೇ ಜಿನುಗುತ್ತಿದೆ ಅಂತ. ಆಗ ತಾರಸಿಯನ್ನೋ ಹೊರಗಿನ ಬಿರುಕನ್ನೋ ರಿಪೇರಿ ಮಾಡಿಸಲೇಬೇಕು, ಮನೆಮದ್ದು ನಡೆಯುವುದಿಲ್ಲ. ಹನಿ ಕೋಣೆ ಕಡೆಯ ಮುಖದಲ್ಲಿದ್ದರೆ ಅದು ಒಳಗಿನ ಗಾಳಿಯ ಪಸೆ.

ರೇಷ್ಮೆಗೆ ವಿನೆಗರ್ ಬೇಡ. ಜಗಲಿಗೆ ತಂದು ಮೆತ್ತನೆಯ ಒಣ ಬಟ್ಟೆಯಲ್ಲಿ ನಿಧಾನಕ್ಕೆ ಒರೆಸಿ, ನೆರಳಲ್ಲಿ ಗಾಳಿಗೆ ಹಾಕಿ. ಹತ್ತಿ ಬಟ್ಟೆ ಸುಮ್ನೆ ತೊಳೆದು, ಇಸ್ತ್ರಿ ಮಾಡಿ, ಬಿಸಿ ಆರಿದ ಮೇಲೆ ಒಳಗಿಡಿ.

ಇನ್ನು ಕಿಟಕಿ. ಕೆಲವರು ನಾಲ್ಕು ತಿಂಗಳೂ ಮುಚ್ಚುತ್ತಾರೆ, ಕೆಲವರು ಧೋ ಅಂತ ಸುರಿಯುವಾಗಲೂ ತೆರೆದಿಡುತ್ತಾರೆ. ಎರಡೂ ಬೇಡ. ಮಳೆ ಹೊಳವಾದಾಗ ಎದುರುಬದುರಿನ ಕಿಟಕಿ ತೆರೆದು, ಫ್ಯಾನ್ ಹಾಕಿ ಅರ್ಧ ತಾಸು ಬಿಡಿ. ಅಡುಗೆ ಮಾಡುವಾಗ ಮಾತ್ರ ಮಳೆ ಇದ್ದರೂ ಅಡುಗೆಮನೆ ಕಿಟಕಿ ತೆರೆದಿರಲಿ, ಕುದಿಯುವ ಹಬೆ ಎಲ್ಲ ಹೊರಗೆ ಹೋಗಬೇಕು.

ಕಪಾಟಿನ ಒಳಗೆ ನಾನು ಇಡುವುದು ಸಾಣಿಕಟ್ಟಾದ ಹರಳುಪ್ಪು, ಪಿಂಗಾಣಿ ಬಟ್ಟಲಲ್ಲಿ. ಗೋಕರ್ಣದ ಹತ್ತಿರದ ಗದ್ದೆಗಳಲ್ಲಿ ತೆಗೆಯುವ ಈ ಉಪ್ಪು ಪುಡಿ ಉಪ್ಪಿಗಿಂತ ಬೇಗ ನೀರೊಡೆಯುತ್ತದೆ. ಅದೇ ನನಗೆ ಬೇಕಾದ್ದು. ಬಟ್ಟಲಿನ ತಳದಲ್ಲಿ ನೀರು ಕಂಡಿತೋ, ಕಪಾಟು ತೆರೆದು ಫ್ಯಾನ್ ಹಾಕುವ ದಿನ ಬಂತು ಅಂತ ಗೊತ್ತಾಗುತ್ತದೆ. ಆ ನೀರು ಚೆಲ್ಲಿ ಹೊಸ ಉಪ್ಪು ಹಾಕಿ. ಸ್ಟೀಲ್ ಬಟ್ಟಲು ಬೇಡ, ತುಕ್ಕು ಹಿಡಿಯುತ್ತದೆ. ಬಚ್ಚಲ ಒಲೆಯ ಇದ್ದಿಲು ತಣ್ಣಗಾದ ಮೇಲೆ ಬಟ್ಟೆಯಲ್ಲಿ ಕಟ್ಟಿ ಇಟ್ಟರೂ ಒಳ್ಳೆಯದು. ಡಾಂಬರು ಗುಳಿಗೆ ಮಾತ್ರ ಇಡಬೇಡಿ ಅಂತ ಕೈ ಮುಗಿದು ಕೇಳುತ್ತೇನೆ, ಅದರಲ್ಲೂ ಎಳೆಮಕ್ಕಳ ಬಟ್ಟೆಯ ಹತ್ತಿರ. ಅದರಲ್ಲಿರುವ ನ್ಯಾಫ್ತಲೀನ್‌ನಿಂದ ಕೆಲವು ಕೂಸುಗಳಿಗೆ ರಕ್ತದ ಕೆಂಪು ಕಣ ಒಡೆದು ಜೀವಕ್ಕೇ ಅಪಾಯ ಆಗುತ್ತದೆ.

ಮೀನಿನ ವಾಸನೆ ಸುಲಭ. ಬಂಗಡೆ ಹುರಿದ ಕಾವಲಿಯ ಎಣ್ಣೆಯನ್ನು ಕಾಗದದಲ್ಲಿ ಒರೆಸಿ, ನೀರು ಹಾಕಿ ನಾಲ್ಕು ಮುರುಗಲು (ಕೋಕಂ) ಸಿಪ್ಪೆ ಹಾಕಿ ಐದು ನಿಮಿಷ ಕುದಿಸಿ. ಕೈಗೂ ಅದೇ ನೀರು, ಆರಿದ ಮೇಲೆ. ಮೀನಿನ ವಾಸನೆ ಕ್ಷಾರ, ಹುಳಿ ಸೇರಿದರೆ ಅದು ಗಾಳಿಗೆ ಏಳುವುದಿಲ್ಲ. ಲಿಂಬು, ಹುಣಸೆ ಯಾವುದಾದರೂ ಆದೀತು. ಮೀನು ತೊಳೆದ ನೀರು ಸಿಂಕಿಗೆ ಬೇಡ, ತೆಂಗಿನ ಬುಡಕ್ಕೆ ಹಾಕಿ.

ಬಳಸದ ಬಚ್ಚಲಿನಿಂದ ಗಟಾರದ ವಾಸನೆ ಬಂದರೆ ನೀರು ಹೋಗುವ ಜಾಲಿಗೆ ಒಂದು ಚೊಂಬು ನೀರು ಹೊಯ್ಯಿರಿ. ಕೆಳಗಿನ ಬಾಗಿದ ಕೊಳವೆಯಲ್ಲಿ ನಿಂತ ನೀರು ಆರಿಹೋದಾಗಲೇ ಆ ಗಾಳಿ ಮೇಲೆ ಬರುವುದು. ವಾಷಿಂಗ್ ಮಷಿನ್ ಬಾಗಿಲು ತೆರೆದಿಡಿ. ಕಾಲೊರೆಸು ವಾರಕ್ಕೆರಡು ಸಲ ಬದಲಿಸಿ.

ಇಷ್ಟೆಲ್ಲ ಆದ ಮೇಲೆ ಪರಿಮಳದ ಮಾತು. ಶಿರಸಿಯ ನಮ್ಮ ತವರುಮನೆಯಲ್ಲಿ ಅಜ್ಜಿ ಸೀರೆ ಪೆಟ್ಟಿಗೆಯಲ್ಲಿ ಲಾವಂಚದ ಬೇರು ಇಡುತ್ತಿದ್ದರು, ನಾನೂ ಇಡುತ್ತೇನೆ. ಬೇರು ಗರಿಗರಿ ಒಣಗಿರಬೇಕು, ಇಲ್ಲದಿದ್ದರೆ ಅದಕ್ಕೇ ಬೂಸ್ಟು. ಬೇಸಿಗೆ ಶುರುವಿನಲ್ಲಿ ಸುರಗಿ ದಂಡೆ ಬಂದಾಗ ಮುಡಿದು ಬಾಡಿದ್ದನ್ನು ಎಸೆಯಬೇಡಿ. ನೆರಳಲ್ಲಿ ಒಣಗಿಸಿದರೆ ಹೂವು ಕಂದು ಬಣ್ಣಕ್ಕೆ ತಿರುಗುತ್ತದೆ, ಪರಿಮಳ ಮಾತ್ರ ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಆ ಅಕ್ಕನಿಗೂ ಒಂದು ಹಿಡಿ ಒಣ ಸುರಗಿ ತೆಳು ಬಟ್ಟೆಯಲ್ಲಿ ಕಟ್ಟಿ ಕೊಟ್ಟೆ. ಮೊನ್ನೆ ಫೋನ್ ಮಾಡಿ, ಮದುವೆ ಸೀರೆ ಉಟ್ಟುಕೊಂಡು ತಂಗಿಯ ಮಗಳ ನಿಶ್ಚಿತಾರ್ಥಕ್ಕೆ ಹೋಗಿದ್ದೆ ಅಂದರು.